ಬ್ಯಾಡಗಿ ರೈತನಿಗೆ ಸಿಗುವ ಪಟ್ಟಿ ನೆರವು ಪಡೆದ ಊರಿಗೇಕೆ ಸಿಗದು?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿ ಅಡತಿ ಅಂಗಡಿಯಿಂದ ಹೊರಬೀಳುವ ರೈತನ ಕಿಸೆಯಲ್ಲಿ ಒಂದು ಪಟ್ಟಿ ಇರುತ್ತದೆ. ಎಷ್ಟು ಚೀಲ, ಎಷ್ಟು ತೂಕ, ಏನು ದರ, ಹಮಾಲಿಗೆ ಎಷ್ಟು ಮುರಿದರು, ಕೈಗೆ ಬಂದದ್ದೆಷ್ಟು. ಅದರಲ್ಲಿ ತಪ್ಪಿರಬಹುದು, ತೂಕದಲ್ಲಿ ಕೈಚಳಕ ನಡೆದಿರಬಹುದು. ಆದರೂ ಜಗಳ ತೆಗೆಯಲು ಒಂದು ಚೀಟಿಯಾದರೂ ಇದೆ. ಅದನ್ನು ಹಿಡಿದು ರೈತ ಮರುದಿನ ಅದೇ ಅಂಗಡಿಯ ಕಟ್ಟೆ ಹತ್ತಬಲ್ಲ.

ನಾನು ಹುಬ್ಬಳ್ಳಿಯಲ್ಲಿ ಚಾರ್ಟರ್ಡ್ ಅಕೌಂಟೆಂಟ್. ಅಡತಿ ಅಂಗಡಿಗಳ ಕಿರ್ದಿ (ದಿನದ ಲೆಕ್ಕ), ಖತಾವಣಿ (ಖಾತೆವಾರು ಲೆಕ್ಕ) ತಿರುವಿಹಾಕುತ್ತಲೇ ಈ ಕಸುಬು ಕಲಿತವನು. ಈಗ ಕಚೇರಿಗೆ ಬರುವ ಫೈಲುಗಳಲ್ಲಿ ಅರ್ಧಕ್ಕರ್ಧ ಸ್ವಯಂಸೇವಾ ಸಂಸ್ಥೆಗಳದ್ದು. ಹೊರದೇಶದ ದೇಣಿಗೆಯಲ್ಲಿ ಗದಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಕೆಲಸ ಮಾಡುವವರು. ಅವರ ಲೆಕ್ಕ ಅಡತಿ ಅಂಗಡಿಯ ಲೆಕ್ಕಕ್ಕಿಂತ ಹತ್ತು ಪಟ್ಟು ಅಚ್ಚುಕಟ್ಟು. ಆದರೆ ಯಾರ ಹೆಸರಿನಲ್ಲಿ ದುಡ್ಡು ಬಂತೋ ಅವರ ಕಿಸೆಯಲ್ಲಿ ಪಟ್ಟಿ ಮಾತ್ರ ಇರುವುದಿಲ್ಲ.

ಇದು ನನಗೆ ತಟ್ಟಿದ್ದು ರೋಣದ ಕಡೆಯ ಒಂದು ಊರಿನಲ್ಲಿ. (ಇಲ್ಲಿ ಹೇಳುವ ಸಂಸ್ಥೆಗಳ ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಯುರೋಪಿನ ದೇಣಿಗೆಯಲ್ಲಿ ಕೃಷಿಹೊಂಡ ತೋಡಿಸಿದ ಸಂಸ್ಥೆಯ ಆಡಿಟ್. ವೋಚರ್ ನೋಡುವ ಕೆಲಸ ಹುಬ್ಬಳ್ಳಿಯಲ್ಲೇ ಮುಗಿದಿತ್ತು. ಆದರೂ ಒಂದೆರಡು ಊರು ತಿರುಗಿ ಬರುವುದು ನನ್ನ ರೂಢಿ. ಹೊಂಡದ ದಂಡೆಯ ಮೇಲೆ ನಿಂತಿದ್ದಾಗ ಒಬ್ಬ ಅಜ್ಜ ಹತ್ತಿರ ಬಂದ.

"ಸಾಹೇಬ್ರ, ಲೆಕ್ಕಾ ನೋಡಾಕ ಬಂದೀರಂತ. ನಮ್ಮೂರ ಹೆಸರ್ಲೆ ಎಷ್ಟ ರೊಕ್ಕಾ ಬಂದೈತಿ? ನಮಗೂ ಒಂದೀಟ ಹೇಳ್ರಿ."

"ಅಜ್ಜಾರ, ಅದನ್ನ ಸಂಸ್ಥೆಯವ್ರನ್ನ ಕೇಳಬೇಕ್ರಿ," ಅಂದೆ.

"ಅವ್ರನ್ನ ಕೇಳಿದ್ರ ಆಡಿಟರ್ ಸಾಹೇಬ್ರ ನೋಡ್ತಾರ ಅಂತಾರ್ರೀ."

ನನ್ನ ಬಾಯಿ ಕಟ್ಟಿದ್ದಕ್ಕೆ ಕಾನೂನಿನ ಕಾರಣವಿದೆ. ಕಕ್ಷಿದಾರರ ಒಪ್ಪಿಗೆಯಿಲ್ಲದೆ ಅವರ ಲೆಕ್ಕದ ವಿವರ ಹೊರಗೆ ಹೇಳಿದರೆ ಅದು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಎರಡನೇ ಅನುಸೂಚಿಯ ಪ್ರಕಾರ ವೃತ್ತಿ ದುರ್ನಡತೆ. ಆದರೆ ಕಾರಿನಲ್ಲಿ ವಾಪಸು ಬರುವಾಗ ಇನ್ನೊಂದು ಸಂಗತಿ ಹೊಳೆಯಿತು. ಬಾಯಿ ಬಿಡಲು ಅನುಮತಿ ಇದ್ದಿದ್ದರೂ ನಾನು ಆ ಅಜ್ಜನಿಗೆ ಉತ್ತರ ಕೊಡುವಂತಿರಲಿಲ್ಲ. ಫೈಲಿನಲ್ಲಿ ಯುರೋ ಇತ್ತು, ಬಜೆಟ್ ಹೆಡ್ (ಖರ್ಚಿನ ಬಾಬ್ತು) ಇತ್ತು, ತ್ರೈಮಾಸಿಕ ಇತ್ತು. ಆ ಊರು ಇರಲಿಲ್ಲ. ನಾಲ್ವತ್ತು ಚಿಲ್ಲರೆ ಹಳ್ಳಿಗಳ ಹೊಂಡ ಒಂದೇ ಸಾಲಿನಲ್ಲಿ ಕೂತಿದ್ದವು. ಆ ಲೆಕ್ಕವನ್ನು ಕಟ್ಟಿದ್ದೇ ದಾನಿ ಕೇಳುವ ಪ್ರಶ್ನೆಗೆ. ಊರು ಪ್ರಶ್ನೆ ಕೇಳಬಹುದೆಂದು ಅದನ್ನು ಕಟ್ಟಿದವರಿಗೆ ಅನಿಸಿರಲೇ ಇಲ್ಲ.

ಜಗತ್ತಿನ ಮಟ್ಟದಲ್ಲಿ ಪಾರದರ್ಶಕತೆಯ ಪ್ರಯತ್ನ ಕಡಿಮೆಯೇನೂ ಆಗಿಲ್ಲ. ನೆರವಿನ ಪರಿಣಾಮ ಹೆಚ್ಚಿಸುತ್ತೇವೆಂದು ದಾನಿ ದೇಶಗಳೂ ಪಡೆಯುವ ದೇಶಗಳೂ 2005ರಲ್ಲಿ ಪ್ಯಾರಿಸ್‌ನಲ್ಲಿ ಒಪ್ಪಂದಕ್ಕೆ ಬಂದವು. 2008ರಲ್ಲಿ ಘಾನಾದ ಅಕ್ರಾದಲ್ಲಿ ಅಂತರರಾಷ್ಟ್ರೀಯ ನೆರವು ಪಾರದರ್ಶಕತೆ ಉಪಕ್ರಮ ಶುರುವಾಯಿತು. ಇಂಗ್ಲಿಷಿನ ಮೊದಲಕ್ಷರ ಹಿಡಿದು ಅದನ್ನು ಐಎಟಿಐ ಅನ್ನುತ್ತಾರೆ. ಯಾರು, ಯಾರಿಗೆ, ಯಾವಾಗ, ಯಾವ ಕೆಲಸಕ್ಕೆ ಎಷ್ಟು ಕೊಟ್ಟರು ಎಂಬುದನ್ನು ಎಲ್ಲರೂ ಒಂದೇ ಮಾದರಿಯಲ್ಲಿ, ಕಂಪ್ಯೂಟರು ಓದುವಂತೆ ಪ್ರಕಟಿಸಬೇಕು ಎಂಬುದು ಅದರ ಕಟ್ಟಳೆ. ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಅಲ್ಲಿ ಮಾಹಿತಿ ಹಾಕುತ್ತಿವೆ. ವಿಶ್ವಬ್ಯಾಂಕ್ 2010ರ ಜುಲೈಯಿಂದ ತನ್ನ ಮಾಹಿತಿ ನೀತಿಯನ್ನೇ ತಿರುವಿಹಾಕಿತು: ಗೌಪ್ಯವೆಂದು ಪಟ್ಟಿ ಮಾಡಿದ್ದನ್ನು ಬಿಟ್ಟು ಉಳಿದದ್ದೆಲ್ಲ ಬಹಿರಂಗ. ನಾನು ಇವನ್ನು ಹಗುರ ಮಾಡುವುದಿಲ್ಲ. ಆಡಿಟ್‌ಗೆ ಕೂರುವ ಮುನ್ನ ದಾನಿ ಸಂಸ್ಥೆ ಬೇರೆ ಯಾರಿಗೆ, ಎಷ್ಟು ಕೊಟ್ಟಿದೆ ಎಂದು ನಾನೇ ಐಎಟಿಐ ಕಡತದಲ್ಲಿ ಹುಡುಕಿದ್ದುಂಟು. ಕಡತದಲ್ಲಿ ಎಷ್ಟೋ ಕಡೆ ಸ್ಥಳ ಎಂಬ ಕಾಲಮ್ಮಿನಲ್ಲಿ 'ಭಾರತ' ಎಂದಷ್ಟೇ ಇರುತ್ತದೆ. ರೋಣದ ಅಜ್ಜನಿಗೆ ಅದರಿಂದ ಬಂದದ್ದೇನು?

ಬಹಿರಂಗವಾಗಿಟ್ಟದ್ದು ಬಹಿರಂಗವಾಗಿಯೇ ಉಳಿಯುತ್ತದೆಂಬ ಖಾತ್ರಿಯೂ ಇಲ್ಲ. 2025ರ ಫೆಬ್ರುವರಿ ಆರಂಭದಲ್ಲಿ ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಎಐಡಿಯ ಜಾಲತಾಣ ರಾತ್ರೋರಾತ್ರಿ ಮಾಯವಾಯಿತು. ಅದೇ ಜುಲೈ 1ಕ್ಕೆ ಸಂಸ್ಥೆಯೂ ಬಾಗಿಲು ಹಾಕಿತು. ದಾನಿಯ ಮನೆಯಲ್ಲಿಟ್ಟ ಕಿರ್ದಿ ದಾನಿಯ ಮರ್ಜಿಯ ಮೇಲೆ ತೆರೆದಿರುತ್ತದೆ, ಅಷ್ಟೆ.

ನಮ್ಮ ನೀರಿನ ಕತೆಯನ್ನೇ ನೋಡಿ. ಹುಬ್ಬಳ್ಳಿ-ಧಾರವಾಡದಲ್ಲಿ ಎಂಟು ದಿನಕ್ಕೊಮ್ಮೆ ನಳ ಬರುವ ಓಣಿಗಳು ಇರುವಾಗಲೇ ಕೆಲವು ವಾರ್ಡುಗಳಿಗೆ 24 ತಾಸು ನೀರು ಬಂತು. ವಿಶ್ವಬ್ಯಾಂಕ್ 2004ರಲ್ಲಿ ಮಂಜೂರು ಮಾಡಿದ ಯೋಜನೆಯದು. ಸುಮಾರು 4 ಕೋಟಿ ಡಾಲರ್. ನಮ್ಮ ಅವಳಿನಗರದ ಜೊತೆ ಬೆಳಗಾವಿ, ಕಲಬುರಗಿಗಳೂ ಅದರಲ್ಲಿದ್ದವು. ನಮ್ಮಲ್ಲಿ ಅದು ಮುಟ್ಟಿದ್ದು ಜನಸಂಖ್ಯೆಯ ಹತ್ತರಲ್ಲೊಂದು ಪಾಲನ್ನು. ಊರೆಲ್ಲ ಇದನ್ನು 'ವಿಶ್ವಬ್ಯಾಂಕ್ ನೆರವು' ಎಂದೇ ಕರೆಯಿತು, ಪತ್ರಿಕೆಗಳೂ ಹಾಗೇ ಬರೆದವು. ಅದು ಸಾಲ. ಅಸಲು, ಬಡ್ಡಿ ಸಮೇತ ತೀರಿಸಬೇಕಾದ ಸಾಲ. ನೆರವು ಎಂಬ ಪದ ಕಿವಿಗೆ ಬಿದ್ದ ಕೂಡಲೇ ಲೆಕ್ಕ ಕೇಳುವ ನಾಲಗೆ ಮೆತ್ತಗಾಗುತ್ತದೆ. ದಾನ ಬಂದ ಆಕಳ ಹಲ್ಲು ಎಣಿಸಬಾರದಲ್ಲ! ನಾವೇ ದುಡ್ಡು ಕೊಟ್ಟು ತಂದ ಆಕಳೆಂದು ಗೊತ್ತಿದ್ದರೆ ಹಲ್ಲನ್ನೂ ಎಣಿಸುತ್ತಿದ್ದೆವು, ಕೆಚ್ಚಲನ್ನೂ ನೋಡುತ್ತಿದ್ದೆವು.

ಆ ಯೋಜನೆಯ ಬಗ್ಗೆ ಕಾಗದಕ್ಕೇನೂ ಬರವಿಲ್ಲ. ಮಂಜೂರಾತಿ ದಸ್ತಾವೇಜು, ಪ್ರಗತಿ ವರದಿ, ಮುಕ್ತಾಯ ವರದಿ ಎಲ್ಲವೂ ಬ್ಯಾಂಕಿನ ಜಾಲತಾಣದಲ್ಲಿವೆ, ಇಂಗ್ಲಿಷಿನಲ್ಲಿ. ಹೊರಗಿನ ಸಂಶೋಧಕರು ಬಂದು 24 ತಾಸು ನೀರು ಬರುವ ವಾರ್ಡುಗಳನ್ನೂ ಬಾರದವನ್ನೂ ಹೋಲಿಸಿ 2015ರಲ್ಲಿ ಅಧ್ಯಯನ ಪ್ರಕಟಿಸಿದರು. ಒಟ್ಟಾರೆ ಮಕ್ಕಳ ಭೇದಿಯಲ್ಲಿ ಹೇಳಿಕೊಳ್ಳುವ ಇಳಿಕೆ ಇಲ್ಲ, ಆದರೆ ರಕ್ತಭೇದಿ ಮತ್ತು ಟೈಫಾಯ್ಡ್ ಕಡಿಮೆ ಎಂಬುದು ಅದರ ತಾತ್ಪರ್ಯ. ಎಷ್ಟು ಮುಖ್ಯವಾದ ಮಾತು! ನಮ್ಮದೇ ಓಣಿಯ ಮಕ್ಕಳ ಹೊಟ್ಟೆಯ ಸುದ್ದಿ. ನನ್ನ ಪರಿಚಯದ ಒಬ್ಬ ಕಾರ್ಪೊರೇಟರಿಗೂ ಅದು ಗೊತ್ತಿರಲಿಲ್ಲ. ಊರಿಗೆಲ್ಲ ವಿಸ್ತರಿಸಲು 2016ರಲ್ಲಿ ಮತ್ತೆ 10 ಕೋಟಿ ಡಾಲರ್ ಸಾಲ ಮಂಜೂರಾಯಿತು. ಆ ಚರ್ಚೆಯಲ್ಲಿ ನಾನು ಕೇಳಿದ್ದೆಲ್ಲ ಖಾಸಗಿಯೋ ಸರ್ಕಾರಿಯೋ ಎಂಬ ಕೂಗಾಟವೇ. ಮೊದಲ ಸಾಲದಿಂದ ಪ್ರತಿ ನಳಕ್ಕೆ ಬಿದ್ದ ಖರ್ಚೆಷ್ಟು ಎಂದು ಕೇಳಿದವರನ್ನು ನಾನು ಕಾಣಲಿಲ್ಲ.

ಕೇಳಲು ದಾರಿಯಿದೆ ಎಂಬುದನ್ನು ಹೇಳಲೇಬೇಕು. ನೀರಿನ ಯೋಜನೆಯಾಗಲಿ, ಚಿಗರಿ ಬಸ್ಸು ಓಡುವ ಬಿಆರ್‌ಟಿಎಸ್ ಆಗಲಿ (ಅದರಲ್ಲೂ ವಿಶ್ವಬ್ಯಾಂಕಿನ ಸಾಲವಿದೆ), ನಡೆಸುವುದು ಸರ್ಕಾರದ ಸಂಸ್ಥೆಗಳು. ಹಾಗಾಗಿ 2005ರ ಮಾಹಿತಿ ಹಕ್ಕು ಕಾಯ್ದೆ ಪೂರ್ತಿ ಅನ್ವಯ. ಕನ್ನಡದಲ್ಲೇ ಅರ್ಜಿ ಬರೆದು ಕರಾರಿನ ಪ್ರತಿ, ಅಳತೆ ಪುಸ್ತಕದ ಪ್ರತಿ ಕೇಳಬಹುದು. ಯೋಜನೆಯಿಂದ ಹಾನಿಯಾದರೆ ವಿಶ್ವಬ್ಯಾಂಕಿನ ಇನ್‌ಸ್ಪೆಕ್ಷನ್ ಪ್ಯಾನೆಲ್‌ಗೆ ದೂರು ಕೊಡಬಹುದು. ಬಾಧಿತರು ಇಬ್ಬರಿದ್ದರೂ ಸಾಕು. ಆ ಪ್ಯಾನೆಲ್ ಹುಟ್ಟಿದ್ದೇ ನಮ್ಮ ದೇಶದ ದೆಸೆಯಿಂದ. ನರ್ಮದಾ ಕಣಿವೆಯ ಜನ ಬ್ಯಾಂಕಿನ ಸಾಲ ಪಡೆದಿದ್ದ ಸರ್ದಾರ್ ಸರೋವರ ಅಣೆಕಟ್ಟಿನ ವಿರುದ್ಧ ನಿಂತರು, 1992ರಲ್ಲಿ ಸ್ವತಂತ್ರ ಸಮಿತಿಯ ವರದಿ ಬ್ಯಾಂಕಿನ ಲೋಪಗಳನ್ನು ಬಿಚ್ಚಿಟ್ಟಿತು, ಮರುವರ್ಷ ಭಾರತ ಉಳಿದ ಸಾಲವನ್ನೇ ಬೇಡವೆಂದಿತು. 1993ರಲ್ಲೇ ಪ್ಯಾನೆಲ್ ಬಂತು. ಹೊಣೆಗಾರಿಕೆ ಮೇಲಿನಿಂದ ಯಾರೋ ಕರುಣಿಸಿದ್ದಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಸ್ವಯಂಸೇವಾ ಸಂಸ್ಥೆಗಳ ಮಾತು ಬೇರೆ. ಅವಕ್ಕೆ ಬರುವ ಹೊರದೇಶದ ದುಡ್ಡಿಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಬಿಗಿ ಲಗಾಮಿದೆ. 2020ರ ತಿದ್ದುಪಡಿಯ ನಂತರ ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬೀಳಬೇಕು. ಒಂದು ಸಂಸ್ಥೆ ಇನ್ನೊಂದಕ್ಕೆ ಹಂಚುವಂತಿಲ್ಲ. ದೊಡ್ಡ ಸಂಸ್ಥೆಯಿಂದ ಕವಲು ಪಡೆದು ಬದುಕಿದ್ದ ಹಾವೇರಿ ಕಡೆಯ ಎರಡು ಪುಟ್ಟ ಗುಂಪುಗಳ ಖತಾವಣಿ ಮುಚ್ಚಿಕೊಟ್ಟವನು ನಾನೇ. ವರ್ಷದ ಎಫ್‌ಸಿ-4 ನಮೂನೆ ಡಿಸೆಂಬರ್ 31ರೊಳಗೆ ಹೋಗಬೇಕು, ಆ ವಾರ ನಮ್ಮ ಕಚೇರಿಯಲ್ಲಿ ಯಾರೂ ಹೊತ್ತಿಗೆ ಸರಿಯಾಗಿ ಊಟ ಮಾಡುವುದಿಲ್ಲ. ಇಷ್ಟೆಲ್ಲ ಬಿಗಿಯ ನಡುವೆ ಮೂರು ತಿಂಗಳಿಗೊಮ್ಮೆ ದೇಣಿಗೆಯ ವಿವರವನ್ನು ಜಾಲತಾಣದಲ್ಲಿ ಹಾಕಬೇಕೆಂಬ ನಿಯಮವನ್ನು 2022ರ ಜುಲೈನಲ್ಲಿ ಕೈಬಿಟ್ಟರು. ಸರ್ಕಾರಕ್ಕೆ ಹೋಗುವ ಲೆಕ್ಕ ಹಾಗೇ ಉಳಿಯಿತು, ಜನರು ನೋಡಬಹುದಾದದ್ದು ಸಣ್ಣದಾಯಿತು.

2020ರ ಅದೇ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು. ಕೇಳಲು ಚಂದ. ದುಡ್ಡು ಜನರಿಗೆ ಹೋಗಲಿ, ಕಚೇರಿಗಲ್ಲ. ಆದರೆ ಲೆಕ್ಕ ಇಡುವ ಖರ್ಚು, ವರದಿ ಬರೆಯುವ ಖರ್ಚು ನಿಯಮದ ಪ್ರಕಾರ ಆಡಳಿತ ವೆಚ್ಚವೇ. ಕೈ ಬಿಗಿಯಾದಾಗ ಮೊದಲು ಹೋಗುವುದು ಅಕೌಂಟೆಂಟ್ ಹುಡುಗಿ. ಅವಳ ಜಾಗಕ್ಕೆ ತಿಂಗಳಿಗೆರಡು ದಿನ ಬಂದು ಟ್ಯಾಲಿಯಲ್ಲಿ ಕುಟ್ಟಿ ಹೋಗುವ ಹುಡುಗ ಬರುತ್ತಾನೆ. ದಾನಿಗಳೂ ಈ ವಿಷಯದಲ್ಲಿ ಸಾಚಾ ಅಲ್ಲ. ನೂರು ಪುಟದ ವರದಿ ಕೇಳುತ್ತಾರೆ, ಅದನ್ನು ಬರೆಯುವವರ ಪಗಾರ ಕೊಡಲು ಮೂಗು ಮುರಿಯುತ್ತಾರೆ.

ಹಾಗಾದರೆ ಊರಿಗೆ ಪಟ್ಟಿ ಕೊಟ್ಟರೆ ಏನಾಗುತ್ತದೆ? ಉಗಾಂಡಾದ ಉದಾಹರಣೆ ನಮ್ಮ ಕಸುಬಿನವರಿಗೆಲ್ಲ ಗೊತ್ತು. 1991ರಿಂದ 95ರವರೆಗೆ ಅಲ್ಲಿನ ಸರ್ಕಾರ ಶಾಲೆಗಳಿಗೆ ಕಳಿಸಿದ ತಲಾವಾರು ಅನುದಾನದಲ್ಲಿ ಸರಾಸರಿ ಶೇ 13 ಮಾತ್ರ ಶಾಲೆ ಮುಟ್ಟಿತ್ತು. ಆಮೇಲೆ ಎಷ್ಟು ಕಳಿಸಿದೆವೆಂದು ಪತ್ರಿಕೆಯಲ್ಲಿ ಹಾಕಿದರು, ಶಾಲೆಯ ಗೋಡೆಗೂ ಅಂಟಿಸಿದರು. ಸೋರಿಕೆ ಬಹಳ ತಗ್ಗಿತು. ಪತ್ರಿಕೆಯೊಂದರಿಂದಲೇ ಹೀಗಾಯಿತೇ ಎಂದು ಆಮೇಲೆ ತಕರಾರು ತೆಗೆದವರಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ.

ಅಷ್ಟು ದೂರವೂ ಹೋಗಬೇಕಿಲ್ಲ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ. ಜನರೆದುರು ಲೆಕ್ಕ ಓದಿ, ಕಾಮಗಾರಿಗಳನ್ನು ನಡೆದು ನೋಡುವ ಕ್ರಮ ಅದು. ಎಷ್ಟೋ ಕಡೆ ಚಹಾ, ಬಿಸ್ಕಿಟ್‌ನಲ್ಲಿ ಮುಗಿದುಹೋಗುವುದೂ ಉಂಟು. ಆದರೂ ಕೇಳುವವನಿಗೆ ಅಲ್ಲಿ ಜಾಗ ಇದೆ. ಹೊರದೇಶದ ದುಡ್ಡಿನ ಸಂಸ್ಥೆ ಅದೇ ದಿನ, ಅದೇ ಚಾವಡಿಯಲ್ಲಿ ತನ್ನ ಪಟ್ಟಿಯನ್ನೂ ಓದಬಾರದು ಎಂದು ಯಾವ ಕಾನೂನೂ ಹೇಳಿಲ್ಲ. ಹೀಗೆಂದು ಹೇಳುತ್ತ ಬಂದ ಮೇಲೆ ನನ್ನ ಕಕ್ಷಿದಾರರಲ್ಲಿ ಒಂದೇ ಒಂದು ಸಂಸ್ಥೆ ಒಪ್ಪಿತು.

ಹಾವೇರಿ ಜಿಲ್ಲೆಯ ಸಂಸ್ಥೆಯದು. ಖತಾವಣಿಯನ್ನು ಊರುವಾರು ಒಡೆದೆವು. ಒಂದು ಊರಿನ ಸಮುದಾಯ ಭವನದ ಗೋಡೆಯ ಮೇಲೆ ಎಲ್ಲವನ್ನೂ ರೂಪಾಯಿಯಲ್ಲಿ, ಕನ್ನಡದಲ್ಲಿ ಬರೆಸಿದೆವು: ಕೆರೆ ಹೂಳೆತ್ತಿದ್ದು, ಜೆಸಿಬಿ ಎಷ್ಟು ತಾಸು, ತಾಸಿಗೆಷ್ಟು, ತರಬೇತಿಯ ಊಟ, ಕಾರ್ಯಕರ್ತನ ಪಗಾರ. ನನ್ನ ಲೆಕ್ಕದಲ್ಲಿ ಜೆಸಿಬಿ ವೋಚರ್ ಮುತ್ತಿನಂತಿತ್ತು. ಲಾಗ್‌ಬುಕ್ ಇತ್ತು, ಸಹಿ ಇತ್ತು, ಬಿಲ್ಲಿನಲ್ಲಿ ಜಿಎಸ್‌ಟಿ ನಂಬರಿತ್ತು. 61 ತಾಸು. ಗೋಡೆ ಓದಿದ ಹೆಣ್ಣುಮಗಳೊಬ್ಬಳು ನಕ್ಕುಬಿಟ್ಟಳು. "ಆ ಸೋಮಾರ ಮಳಿ ಹೊಡದು ಗಾಡಿ ಎರಿಮಣ್ಣಾಗ ಹುಗದಿತ್ತಲ್ರೀ. ಎರಡ ದಿನ ಅಲ್ಲೇ ನಿಂತಿತ್ತು. ನಮ್ಮ ಹುಡುಗ್ರು ಅದರ ಮ್ಯಾಲೆ ಹತ್ತಿ ಆಡ್ತಿದ್ರು." ಗುತ್ತಿಗೆದಾರ ಮೊದಲು ಹಾರಾಡಿದ, ಕೊನೆಗೆ 14 ತಾಸು ಬಿಟ್ಟುಕೊಟ್ಟ. ಹುಬ್ಬಳ್ಳಿಯಲ್ಲಿ ಕೂತ ನಾನು ಹತ್ತು ವರ್ಷ ವೋಚರ್ ತಿರುವಿದ್ದರೂ ಆ 14 ತಾಸು ನನಗೆ ಸಿಗುತ್ತಿರಲಿಲ್ಲ. ಉಪಗ್ರಹದಿಂದ ಕೆರೆ ನೋಡುವವರಿಗೂ ಸಿಗುವುದಿಲ್ಲ.

ನಾವು ನೆನೆಸದ ಇನ್ನೊಂದು ಪರಿಣಾಮವೂ ಆಯಿತು. ಬೈಕಿನಲ್ಲಿ ಬರುವ ಕಾರ್ಯಕರ್ತ ಫಾರಿನ್ ದುಡ್ಡಿನಲ್ಲಿ ಮನೆ ಕಟ್ಟಿಸುತ್ತಿದ್ದಾನೆಂದು ಊರು ನಂಬಿತ್ತು. ಗೋಡೆಯ ಮೇಲೆ ಅವನ ಪಗಾರ ಓದಿದ ಮೇಲೆ ಮುದುಕಿಯರು ಅವನನ್ನು ಕರೆದು ಊಟಕ್ಕೆ ಕೂರಿಸತೊಡಗಿದರು.

ದಾನಿ ಸಂಸ್ಥೆಗೆ ಇದು ಬಹಳ ಹಿಡಿಸಿತು. ಗೋಡೆಯ ಫೋಟೊ ಇಂಗ್ಲಿಷ್ ವಾರ್ಷಿಕ ವರದಿಯಲ್ಲಿ ಅರ್ಧ ಪುಟ ತುಂಬಿತು. ಹೋದ ತಿಂಗಳು ಮತ್ತೆ ಹೋಗಿದ್ದೆ. ಊರಲ್ಲಿ ಮದುವೆಯಿತ್ತಂತೆ, ಭವನಕ್ಕೆ ಸುಣ್ಣ ಹೊಡೆದಿದ್ದರು. ಅಂಕಿಗಳು ಹೋಗಿದ್ದವು. ಮತ್ತೆ ಏಕೆ ಬರೆಸಲಿಲ್ಲ ಎಂದು ಕೇಳಿದೆ. ಪೇಂಟರಿಗೆ ಕೊಡಲು ಈ ವರ್ಷದ ಬಜೆಟ್ಟಿನಲ್ಲಿ ಹೆಡ್ ಇಲ್ಲ, ಆಡಳಿತ ವೆಚ್ಚದಲ್ಲಿ ಹಾಕಿದರೆ ಶೇ 20 ದಾಟುತ್ತದೆ ಎಂದರು. ಲೆಕ್ಕ ಹಾಕಿ ನೋಡಿದೆ. ದಾಟುತ್ತಿತ್ತು.