ಓದುಗರ ಪ್ರಶ್ನೆ: ‘ಸಿನ್ಸ್ ಫೈವ್ ಇಯರ್ಸ್’ ಅಂದರೆ ತಪ್ಪೇನು?

ಪ್ರಶ್ನೆ: ಕೆಲಸದ ಅರ್ಜಿಯಲ್ಲಿ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂದು ಬರೆದಿದ್ದೆ. ಗೆಳೆಯರೊಬ್ಬರು ‘ಸಿನ್ಸ್’ ಹೊಡೆದುಹಾಕಿ ‘ಫಾರ್’ ಬರೆದರು. ‘ಐದು ವರ್ಷದಿಂದ’ ಅನ್ನುವುದಕ್ಕೆ ‘ಸಿನ್ಸ್’ ಅಲ್ಲವೇ?

ಉತ್ತರ: ಎಡವಿಸಿದ್ದು ನಮ್ಮ ‘ಇಂದ’. ‘2019ರಿಂದ ಇಲ್ಲಿದ್ದೇನೆ’, ‘ಐದು ವರ್ಷದಿಂದ ಇಲ್ಲಿದ್ದೇನೆ’ ಎರಡಕ್ಕೂ ಕನ್ನಡದಲ್ಲಿ ಒಂದೇ ಪ್ರತ್ಯಯ ನಡೆಯುತ್ತದೆ. ಇಂಗ್ಲಿಷ್‌ನಲ್ಲಿ ನಡೆಯುವುದಿಲ್ಲ.

ವ್ಯಾಕರಣ ಪುಸ್ತಕಗಳು ‘ಪಾಯಿಂಟ್ ಆಫ್ ಟೈಮ್, ಪೀರಿಯಡ್ ಆಫ್ ಟೈಮ್’ ಎಂದು ಬಾಯಿಪಾಠ ಮಾಡಿಸುತ್ತವೆ. ಮಾತಿನ ಭರದಲ್ಲಿ ಅದೆಲ್ಲ ಯಾರಿಗೆ ನೆನಪಾಗುತ್ತದೆ? ಅದರ ಬದಲು ಕನ್ನಡದಲ್ಲೇ ಪ್ರಶ್ನೆ ಹಾಕಿಕೊಳ್ಳಿ. ‘ಯಾವಾಗಿನಿಂದ?’ ಎಂಬುದಕ್ಕೆ ಉತ್ತರವಾದರೆ ಸಿನ್ಸ್: ಸಿನ್ಸ್ ಮಂಡೇ, ಸಿನ್ಸ್ 2019, ಸಿನ್ಸ್ ಐ ಜಾಯಿನ್ಡ್. ‘ಎಷ್ಟು ದಿನದಿಂದ, ಎಷ್ಟು ಹೊತ್ತಿನಿಂದ?’ ಎಂಬುದಕ್ಕೆ ಉತ್ತರವಾದರೆ ಫಾರ್: ಫಾರ್ ಟೂ ಅವರ್ಸ್, ಫಾರ್ ಫೈವ್ ಇಯರ್ಸ್. ‘ಸಿನ್ಸ್ ಲಾಂಗ್’ ಎಂದು ಬಹಳ ಜನ ಬರೆಯುತ್ತಾರೆ. ಅದೂ ‘ಫಾರ್ ಎ ಲಾಂಗ್ ಟೈಮ್’ ಆಗಬೇಕು.

‘ಲಾಸ್ಟ್’ ಬಂದಾಗ ಕೊಂಚ ಹುಷಾರು. ‘ಸಿನ್ಸ್ ಲಾಸ್ಟ್ ಇಯರ್’ ಸರಿ, ಏಕೆಂದರೆ ಹೋದ ವರ್ಷ ಯಾವಾಗಿನಿಂದ ಎಂಬುದನ್ನು ಹೇಳುತ್ತದೆ. ‘ಸಿನ್ಸ್ ಲಾಸ್ಟ್ ಫೈವ್ ಇಯರ್ಸ್’ ತಪ್ಪು, ಅಲ್ಲಿ ಎಣಿಕೆ ಬಂತು. ‘ಫಾರ್ ದ ಲಾಸ್ಟ್ ಫೈವ್ ಇಯರ್ಸ್’ ಅನ್ನಬೇಕು.

ನಿಮ್ಮ ಗೆಳೆಯರು ತಿದ್ದಿದ್ದು ಅರ್ಧ ಮಾತ್ರ. ಕ್ರಿಯಾಪದವೂ ಬದಲಾಗಬೇಕು: ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’. ಹಿಂದೆ ಶುರುವಾಗಿ ಇಂದಿಗೂ ನಡೆದಿರುವ ಕೆಲಸಕ್ಕೆ ‘ಆಮ್’ ಹೊಂದುವುದಿಲ್ಲ. ‘ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್’ ಎಂದರಂತೂ ಆ ಕೆಲಸ ಬಿಟ್ಟಿದ್ದೀರಿ ಎಂದೇ ಅರ್ಥ. ಅರ್ಜಿಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ಈ ರೂಢಿ ಬೇರೂರಿದ್ದು ಬಹುಶಃ ಶಾಲೆಯ ರಜಾಚೀಟಿಯಲ್ಲೇ: ‘ಐ ಆಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟೂ ಡೇಸ್’. ‘ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ಟೂ ಡೇಸ್’ ಎಂದು ಬರೆದಿದ್ದರೆ ಮೇಷ್ಟ್ರೇ ಅನುಮಾನಪಡುತ್ತಿದ್ದರೇನೋ!

ಇನ್ನೂ ಗೊಂದಲವಾದರೆ ಇಂಥ ವಾಕ್ಯದಲ್ಲಿ ‘ಫಾರ್’ ಬಿಟ್ಟೂ ಹೇಳಬಹುದು: ‘ಐ ಹ್ಯಾವ್ ಬೀನ್ ಹಿಯರ್ ಫೈವ್ ಇಯರ್ಸ್’. ‘ಸಿನ್ಸ್’ಗೆ ಮಾತ್ರ ಈ ರಿಯಾಯಿತಿ ಇಲ್ಲ.