ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸಾ, ಲಿನಕ್ಸಾ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ, ಅಂದರೆ ಸುರಕ್ಷತೆಯ ಅಪ್‌ಡೇಟ್ ಕೊಡುವುದು, ಮುಗಿಯಿತು. ಅಲ್ಲಿಂದ ಈಚೆಗೆ ಮಡಿಕೇರಿ, ಗೋಣಿಕೊಪ್ಪ ಎಲ್ಲಿ ಹೋದರೂ ಜನ ನನ್ನನ್ನು ಕೇಳುವುದು ಒಂದೇ: "ಇದನ್ನ ಬಿಸಾಕಿ ಹೊಸದು ತಗೋಬೇಕಾ?" ಬಹಳ ಜನಕ್ಕೆ ಬೇಡ ಅಂತಲೇ ಹೇಳುತ್ತೇನೆ.

ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಸುರಕ್ಷತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. 2016ರಲ್ಲಿ ಕೊಂಡ ಒಳ್ಳೆಯ ಐ5 ಲ್ಯಾಪ್‌ಟಾಪ್ ಕೂಡ ಇಲ್ಲಿ ಫೇಲ್. ಅಡ್ಡದಾರಿಯಲ್ಲಿ ಹಾಕಬಹುದು. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಹಾಗಾಗಿ ನಾನು ಹಾಕಿಕೊಡುವುದಿಲ್ಲ.

ಲಿನಕ್ಸ್ ಮಿಂಟ್‌ಗೆ ಈ ಶರತ್ತು ಯಾವುದೂ ಇಲ್ಲ. ವಿಂಡೋಸ್ ಜಾಗದಲ್ಲಿ ಹಾಕಿಕೊಳ್ಳಬಹುದಾದ, ಲಿನಕ್ಸ್‌ನ ಒಂದು ಬಗೆ ಇದು. 4 ಜಿಬಿ ರ‍್ಯಾಮ್ ಇದ್ದರೆ ಆರಾಮಾಗಿ ಓಡುತ್ತದೆ. ದುಡ್ಡು ಕೊಡಬೇಕಿಲ್ಲ. ಆದರೂ ಎಲ್ಲರಿಗೂ ಅದನ್ನೇ ಹಾಕಿ ಅನ್ನಲಾರೆ. ಮೊದಲು ನಿಮ್ಮ ಕೆಲಸ ಯಾವ ಸಾಫ್ಟ್‌ವೇರ್ ಮೇಲೆ ನಿಂತಿದೆ ನೋಡಬೇಕು.

ಎಸ್ಟೇಟ್ ರೈಟರ್ ಟ್ಯಾಲಿಯಲ್ಲಿ ಲೆಕ್ಕ ಬರೆಯುತ್ತಾರೆ, ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ರಿಟರ್ನ್ ಹಾಕುತ್ತಾರೆ ಅಂದರೆ ವಿಂಡೋಸ್ ಬಿಡಬೇಡಿ. ಟ್ಯಾಲಿ ಮಾಡಿರುವುದೇ ವಿಂಡೋಸ್‌ಗೆ. ಪ್ರಿಂಟರನ್ನೂ ನೋಡಿಕೊಳ್ಳಿ. ಎಷ್ಟೋ ಆಫೀಸುಗಳಲ್ಲಿ ಇರುವ ಕ್ಯಾನನ್ ಎಲ್‌ಬಿಪಿ 2900ಕ್ಕೆ ಕ್ಯಾಪ್ಟ್ ಅನ್ನುವ ಬೇರೆಯದೇ ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಬೇಕು. ಲಿನಕ್ಸ್‌ನಲ್ಲಿ ಅದನ್ನು ಕೂರಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಕನ್ನಡದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲುಗಳು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲಿ ಇಲ್ಲ. ಅವುಗಳಲ್ಲಿ ಕನ್ನಡ ಕಾಣಿಸುವುದು ಫಾಂಟ್ ಇದ್ದಾಗ ಮಾತ್ರ. ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. "ಲಿನಕ್ಸ್ ಹಾಕಿ ನನ್ನ ಫೈಲೆಲ್ಲ ಹಾಳಾಯ್ತು" ಅಂತ ಗಾಬರಿಯಾಗುವುದು ಇಲ್ಲೇ. ಏನೂ ಹಾಳಾಗಿರುವುದಿಲ್ಲ. ಆ ಫಾಂಟ್ ಫೈಲನ್ನು ತಂದು ಹಾಕಿದರೆ ಅಕ್ಷರ ಕಾಣುತ್ತವೆ. ಇನ್ನೂ ಒಳ್ಳೆಯದು, ವಿಂಡೋಸ್ ಇರುವಾಗಲೇ ಎಲ್ಲವನ್ನೂ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಟೈಪಿಂಗ್‌ಗೆ ಭಯ ಬೇಡ, ಮಿಂಟ್‌ನಲ್ಲಿ ನುಡಿಯಲ್ಲಿರುವ ಕಗಪ ಕೀಲಿಮಣೆ ವಿನ್ಯಾಸವೇ ಇದೆ. ಕೈಗೆ ಅಭ್ಯಾಸವಾದ ಜಾಗದಲ್ಲೇ ಅಕ್ಷರ ಸಿಗುತ್ತದೆ.

ಮ್ಯಾಕ್ ಚೆನ್ನಾಗಿದೆ. ಆದರೆ ಆಪಲ್ ಯಂತ್ರವನ್ನೇ ಕೊಳ್ಳಬೇಕು, ಹಳೇ ಲ್ಯಾಪ್‌ಟಾಪ್ ಉಳಿಸುವ ಮಾತಿಗೆ ಅದು ಬರುವುದಿಲ್ಲ.

ನಮ್ಮ ಕಡೆ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅಲ್ವಾ? ಜೂನ್‌ನಿಂದ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ನೆಟ್ ಅಂದರೆ ಮೊಬೈಲ್ ಹಾಟ್‌ಸ್ಪಾಟ್. ಅಂಥ ಹೊತ್ತಲ್ಲಿ ವಿಂಡೋಸ್ ತಾನಾಗಿ ದೊಡ್ಡ ಅಪ್‌ಡೇಟ್ ಎಳೆದುಕೊಂಡರೆ ದಿನದ ಡೇಟಾ ಖಾಲಿ. ವಿಂಡೋಸ್‌ನಲ್ಲಿ ಆ ಹಾಟ್‌ಸ್ಪಾಟ್‌ನ ವೈಫೈ ಸೆಟ್ಟಿಂಗ್‌ಗೆ ಹೋಗಿ ಮೀಟರ್ಡ್ ಕನೆಕ್ಷನ್ (ಡೇಟಾ ಮಿತವಾಗಿ ಬಳಸು ಅನ್ನುವ ಆಯ್ಕೆ) ಆನ್ ಮಾಡಿಡಿ. ಮಿಂಟ್ ಆದರೆ ನೀವು ಹೇಳುವವರೆಗೆ ಸುಮ್ನೆ ಇರುತ್ತದೆ. ಹೋಂಸ್ಟೇ ಬುಕಿಂಗ್, ಇಮೇಲ್, ಮಕ್ಕಳ ಓದು ಇಷ್ಟೇ ಕೆಲಸ ಇದ್ದವರಿಗೆ ನಾನು ಮಿಂಟನ್ನೇ ಒತ್ತಿ ಹೇಳುವುದು ಇದಕ್ಕೇ.

ಮಿಂಟನ್ನು ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ. ಡಿಸ್ಕ್‌ನಲ್ಲಿ ಏನೂ ಬದಲಾಗುವುದಿಲ್ಲ. ವೈಫೈ, ಪ್ರಿಂಟರ್, ಸೌಂಡ್ ಮೂರೂ ಸರಿ ಇದ್ದರೆ ಬ್ಯಾಕಪ್ ತೆಗೆದು ಆಮೇಲೆ ಹಾಕಿಸಿ. ಏಪ್ರಿಲ್, ಮೇ ಒಳ್ಳೆಯ ಸಮಯ. ಕಾಫಿ ಕುಯ್ಲಿನ ಲೆಕ್ಕ ಮುಗಿದಿರುತ್ತದೆ, ಮಳೆಗಾಲ ಇನ್ನೂ ಶುರುವಾಗಿರುವುದಿಲ್ಲ.