ಕ್ಲೌಡ್‌ಗೆ ಹಾಕುವುದು ಉಚಿತ, ತೆಗೆಯುವುದಕ್ಕೆ ಶುಲ್ಕ: ಹೀಗಾದದ್ದು ಹೇಗೆ?

ಇಂಟರ್ನೆಟ್ ಮೂಲಕ ಬಾಡಿಗೆಗೆ ಪಡೆಯುವ ಕಂಪ್ಯೂಟರ್ ಸೇವೆಯೇ ಕ್ಲೌಡ್. ಅದರ ಬಿಲ್‌ನಲ್ಲಿ ‘ಡೇಟಾ ಟ್ರಾನ್ಸ್‌ಫರ್’, ಅಂದರೆ ಡೇಟಾ ಸಾಗಣೆ, ಎಂಬ ಬಾಬತ್ತು ಇರುತ್ತದೆ. ಪ್ರಾಜೆಕ್ಟ್ ಸಣ್ಣದಿದ್ದಾಗ ಅದರತ್ತ ಯಾರೂ ತಿರುಗಿ ನೋಡುವುದಿಲ್ಲ. ಬಳಕೆದಾರರು ಹೆಚ್ಚಿದಂತೆ ಕೆಲವೊಮ್ಮೆ ಸರ್ವರ್ ಬಾಡಿಗೆಯನ್ನೂ ಮೀರಿ ಬೆಳೆಯುವುದು ಇದೇ.

ಕಂಪ್ಯೂಟರ್ ಸೇವೆಯೂ ದೂರವಾಣಿಯ ಹಾಗೆ ಸಾರ್ವಜನಿಕ ಸೌಲಭ್ಯವಾಗಬಹುದೆಂದು ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ 1961ರಲ್ಲೇ ಹೇಳಿದ್ದರು. ಸಾಮಾನ್ಯ ಡೆವಲಪರ್ ಕೈಗೆ ಅದು ಎಟುಕಿದ್ದು 2006ರ ಮಾರ್ಚ್‌ನಲ್ಲಿ, ಫೈಲ್‌ಗಳನ್ನು ಇಡುವ ಅಮೆಜಾನ್‌ನ ಕ್ಲೌಡ್ ಸೇವೆ ಎಸ್3 ಶುರುವಾದಾಗ. ಆಗ ಒಂದು ಜಿಬಿಯನ್ನು ತಿಂಗಳು ಇಡಲು 15 ಸೆಂಟ್, ಸಾಗಿಸಲು 20 ಸೆಂಟ್. ಒಳಗೆ ಹಾಕಿದರೂ ಅಷ್ಟೇ, ಹೊರಗೆ ತೆಗೆದರೂ ಅಷ್ಟೇ.

2011ರ ಜುಲೈನಲ್ಲಿ ಅಮೆಜಾನ್‌ನಲ್ಲಿ ಒಳಬರುವ ಡೇಟಾದ ಶುಲ್ಕ ರದ್ದಾಯಿತು. ಮುಂದೆ ಶೇಖರಣೆಯ ದರ ಅಮೆರಿಕದ ಪ್ರಮುಖ ರೀಜನ್‌ಗಳಲ್ಲಿ (ಡೇಟಾ ಸೆಂಟರ್‌ಗಳಿರುವ ಪ್ರದೇಶಗಳಲ್ಲಿ) 2.3 ಸೆಂಟ್‌ಗೆ ಇಳಿಯಿತು. ಹೊರಹೋಗುವ ಡೇಟಾದ ಮೊದಲ ಹಂತದ ದರ ಮಾತ್ರ 9 ಸೆಂಟ್‌ಗೆ ಬಂದು ನಿಂತುಬಿಟ್ಟಿತು. ಒಂದು ಫೈಲನ್ನು ಒಮ್ಮೆ ಹೊರಗೆ ಕಳಿಸುವ ದುಡ್ಡಿನಲ್ಲಿ ಅದನ್ನು ಸುಮಾರು ನಾಲ್ಕು ತಿಂಗಳು ಇಟ್ಟುಕೊಳ್ಳಬಹುದು. ನೆಟ್‌ವರ್ಕ್ ನಡೆಸುವ ಖರ್ಚೊಂದೇ ಇದಕ್ಕೆ ಕಾರಣವೆಂದು ನಂಬುವುದು ಕಷ್ಟ.

ಈ ದರಪಟ್ಟಿ ಸಾಫ್ಟ್‌ವೇರ್ ಕಟ್ಟುವ ರೀತಿಯನ್ನೇ ಬದಲಿಸಿತು. ಪ್ರೈವೇಟ್ ಸಬ್‌ನೆಟ್‌ನಲ್ಲಿರುವ, ಅಂದರೆ ಇಂಟರ್ನೆಟ್‌ಗೆ ನೇರ ಸಂಪರ್ಕವಿಲ್ಲದ, ಸರ್ವರ್ ಅದೇ ರೀಜನ್‌ನ ಎಸ್3 ಬಕೆಟ್‌ನಿಂದ (ಫೈಲ್‌ಗಳನ್ನು ಇಡುವ ಜಾಗದಿಂದ) ಫೈಲ್ ಓದುತ್ತದೆ ಎಂದುಕೊಳ್ಳಿ. ಎಸ್3 ಕಡೆಯಿಂದ ಅದಕ್ಕೆ ಸಾಗಣೆ ಶುಲ್ಕವಿಲ್ಲ. ಆದರೆ ಡೇಟಾದ ದಾರಿ ನಿಗದಿಪಡಿಸುವ ರೂಟ್ ಟೇಬಲ್, ಇಂಥ ಸರ್ವರ್‌ಗಳನ್ನು ಹೊರಗಿನ ಜೊತೆ ಜೋಡಿಸುವ ನ್ಯಾಟ್ ಗೇಟ್‌ವೇ ಕಡೆಗೆ ದಾರಿ ತೋರಿಸಿದ್ದರೆ ಪ್ರತಿ ಜಿಬಿಗೆ 4.5 ಸೆಂಟ್ ಬೀಳುತ್ತದೆ. ಪ್ರತಿ ರಾತ್ರಿ ತಾನಾಗಿ ನಡೆದು 500 ಜಿಬಿ ಎಳೆಯುವ ಬ್ಯಾಚ್ ಜಾಬ್ ಇದ್ದರೆ ತಿಂಗಳಿಗೆ 675 ಡಾಲರ್. ಎಸ್3ಗೆ ನೇರ ದಾರಿಯಾದ ಗೇಟ್‌ವೇ ಎಂಡ್‌ಪಾಯಿಂಟ್ ಸೇರಿಸಿದರೆ ಈ ಖರ್ಚು ಪೂರ್ತಿ ಇಲ್ಲವಾಗುತ್ತದೆ, ಅದಕ್ಕೆ ಶುಲ್ಕವೂ ಇಲ್ಲ. 2015ರಿಂದ ಈ ಸೌಲಭ್ಯವಿದ್ದರೂ ತಾನಾಗಿ ಜಾರಿಗೆ ಬರುವುದಿಲ್ಲ. ಹೊಸಬರಿಗೆ ಅದರ ಸುಳಿವು ಸಿಗುವುದು ಸಾಮಾನ್ಯವಾಗಿ ಬಿಲ್ ಬಂದ ಮೇಲೆ. ಉಚಿತ ದಾರಿಯೇ ಡಿಫಾಲ್ಟ್ ಆಗಿರಬೇಕಿತ್ತು.

2022ರಲ್ಲಿ ಕ್ಲೌಡ್‌ಫ್ಲೇರ್ ಕಂಪನಿಯ ಶೇಖರಣಾ ಸೇವೆ ಆರ್2, ಹೊರಹೋಗುವ ಡೇಟಾಗೆ ಶುಲ್ಕವಿಲ್ಲದೆ, ಎಸ್3ಗೆ ಹೊಂದುವ ಎಪಿಐ (ಪ್ರೋಗ್ರಾಂಗಳು ಸೇವೆಯೊಂದಿಗೆ ವ್ಯವಹರಿಸುವ ವಿಧಾನ) ಜೊತೆ ಬಂತು. ಯುರೋಪಿಯನ್ ಒಕ್ಕೂಟದ ಡೇಟಾ ಆ್ಯಕ್ಟ್ 2024ರ ಜನವರಿಯಲ್ಲಿ ಜಾರಿಯಾಯಿತು. ಅದರ ಪ್ರಕಾರ ಬೇರೆ ಸೇವೆಗೆ ಬದಲಾಯಿಸುವವರಿಂದ 2027ರ ಜನವರಿ 12ರಿಂದ ಅದಕ್ಕಾಗಿ ಶುಲ್ಕ ಪಡೆಯುವಂತಿಲ್ಲ. 2024ರ ಮಾರ್ಚ್ ಮುಗಿಯುವಷ್ಟರಲ್ಲಿ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂರೂ ಬಿಟ್ಟುಹೋಗುವ ಗ್ರಾಹಕರಿಗೆ ಹೊರಹೋಗುವ ಡೇಟಾದ ಶುಲ್ಕದಿಂದ ವಿನಾಯಿತಿ ಘೋಷಿಸಿದವು. ಅದಕ್ಕೆ ಮೊದಲೇ ಕೋರಿಕೆ ಸಲ್ಲಿಸಬೇಕು. ಎಲ್ಲೂ ಹೋಗದೆ ದಿನವೂ ತನ್ನದೇ ಡೇಟಾವನ್ನು ಬಳಕೆದಾರರಿಗೆ ತಲುಪಿಸುವ ಡೆವಲಪರ್‌ಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ.